ಚಿತ್ತವಿಕಲನ ಸಾಕ್ಷ್ಯ

ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯನ್ನು ಕನ್ನಡಿಗರು ನಗೆಯಾಡುವುದಕ್ಕಾಗಿ ಬಳಸುವರು. ಈ ಗಾದೆಯಲ್ಲಿರುವಂತಹದೇ ಇನ್ನೊಂದು ಸುಳಿಯುಂಟು. ಆದರೆ ಅದರಲ್ಲಿ ಸಿಕ್ಕಿಬಿದ್ದವನಿಗೆ ಅದು ನಗೆಯ ವಿಷಯವಾಗುವುದಿಲ್ಲ. ಮನೋರೋಗಾಲಯದಲ್ಲಿರುವ ರೋಗಿಯೊಬ್ಬನು, ರಾತ್ರಿಯಲ್ಲಿ ತನ್ನನ್ನು ಹೊಡೆದರೆಂದೂ ಎರಡು ದಿವಸಗಳಿಂದ ತನಗೆ ಹೊಟ್ಟೆ ತುಂಬ ಅನ್ನವಿಕ್ಕಲಿಲ್ಲವೆಂದೂ ಹೇಳಿದನೆನ್ನೋಣ. ಕೇಳಿದವರು, "ಪಾಪ, ಬುದ್ಧಿ ಸ್ಥಿಮಿತದಲ್ಲಿಲ್ಲ, ಏನೋ ಹೇಳುತ್ತಾನೆ" ಎಂದು ಮುಂದೆ ನಡೆಯುವರು. ಅವನ ಮಾತನ್ನು ನಂಬಬೇಕಾದರೆ ಅವನ ಬುದ್ಧಿ ನೆಟ್ಟಗಿರಬೇಕು. ಬುದ್ಧಿ ನೆಟ್ಟಗಿದೆಯೆಂದು ತಿಳಿಯಬೇಕಾದರೆ ಯಾರಾದರೊಬ್ಬರು ಅವನ ಮಾತನ್ನು ಕಿವಿಗೊಟ್ಟು ಕೇಳಬೇಕು. ಅವನು ಸಿಟ್ಟಾದರೆ ರೋಗದ ಉದ್ರೇಕವೆನ್ನುವರು. ಅತ್ತರೆ ರೋಗದ ಖಿನ್ನತೆಯೆನ್ನುವರು. ಹೇಳಿ ಹೇಳಿ ಬೇಸತ್ತು ಸುಮ್ಮನಾದರೆ ಔಷಧವು ಚೆನ್ನಾಗಿ ಹಿಡಿಯಿತೆಂದು ಪುಸ್ತಕದಲ್ಲಿ ಬರೆದುಕೊಳ್ಳುವರು.

ಹೊಡೆತ, ಹಸಿವು, ಬಂಧನಗಳು ಮನೋರೋಗಿಯೊಬ್ಬನಿಗೇ ಒದಗುವ ಕಷ್ಟಗಳಲ್ಲ. ಸೆರೆಮನೆಯ ಕೈದಿಗೂ, ಅನಾಥಾಲಯದ ಹುಡುಗನಿಗೂ, ಪರಾಧೀನಳಾದ ಮುದುಕಿಗೂ ಅವು ಒದಗಬಹುದು. ಆದರೆ ಕಳ್ಳತನ ಮಾಡಿ ಸೆರೆಗೆ ಹೋದ ಕೈದಿಯು ತನ್ನ ಬೆನ್ನಿನ ಬಾಸುಂಡೆಯನ್ನು ತೋರಿಸಿದರೆ, ಅವನು ಸುಳ್ಳನಿರಬಹುದೆಂದು ಜನರು ಸಂಶಯಪಡಬಹುದೇ ಹೊರತು, ಬಾಸುಂಡೆಯೆಂದರೇನೆಂಬುದೇ ಅವನಿಗೆ ತಿಳಿಯದೆಂದು ಯಾರೂ ಹೇಳುವುದಿಲ್ಲ. ಮನೋರೋಗಿಗೆ ವಿಶೇಷವಾಗಿ ಒದಗುವ ಅನ್ಯಾಯವು ಇದೇ: ತನಗಾದ ಅನ್ಯಾಯವನ್ನು ಹೇಳುವ ಅಧಿಕಾರವೇ ಅವನ ಕೈಬಿಟ್ಟುಹೋಗುವುದು. ಮಿಕ್ಕ ಅನ್ಯಾಯಗಳೆಲ್ಲ ಇದರ ಮರೆಯಲ್ಲಿ ನಿರ್ಭಯವಾಗಿ ಬೆಳೆಯುವುವು. ಆದಕಾರಣ ಇಂತಹವರ ರಕ್ಷಣೆಗಾಗಿ ಮಾಡಿದ ಕಾಯಿದೆಗಳನ್ನು ಪರೀಕ್ಷಿಸುವಾಗ, ಅವು ಎಷ್ಟು ಬಗೆಯ ಕ್ರೌರ್ಯಗಳನ್ನು ನಿಷೇಧಿಸಿವೆಯೆಂದು ಎಣಿಸುವುದಕ್ಕಿಂತ, ರೋಗಿಯ ಮಾತಿಗೆ ಅವು ಎಲ್ಲಿ, ಯಾರ ಮುಂದೆ, ಎಷ್ಟು ಬೆಲೆಯನ್ನು ಕೊಟ್ಟಿವೆಯೆಂದು ಕೇಳುವುದೇ ಯುಕ್ತವಾದ ಪರೀಕ್ಷೆಯಾಗುವುದು.

ಈ ಪ್ರಶ್ನೆಯು ನ್ಯಾಯಸ್ಥಾನದ ಮುಂದೆ ನೇರವಾಗಿ ಬಂದು ನಿಂತ ಒಂದು ಪ್ರಸಂಗವು ೧೮೫೧ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಭಾಗದ ಹುಚ್ಚರ ಆಸ್ಪತ್ರೆಯೊಂದರಲ್ಲಿ ಬಾರ್ನ್ಸ್ ಎಂಬ ರೋಗಿಯು ಸತ್ತುಹೋದನು. ಹಿಲ್ ಎಂಬ ಪರಿಚಾರಕನ ಹಿಂಸೆಯಿಂದಲೇ ಈ ಸಾವು ಸಂಭವಿಸಿತೆಂದು ಮೊಕದ್ದಮೆಯಾಯಿತು. ಆದರೆ ಕಂಡು ಹೇಳುವವನು ಯಾರು? ಡೊನೆಲಿ ಎಂಬ ಇನ್ನೊಬ್ಬ ರೋಗಿ. ಈ ಡೊನೆಲಿಗೆ ಒಂದು ಭ್ರಮೆಯಿದ್ದಿತು. ಇಪ್ಪತ್ತು ಸಾವಿರ ಭೂತಗಳು ತನ್ನ ಸುತ್ತಲಿರುವುವೆಂದೂ ಅವು ತನ್ನೊಡನೆ ಮಾತನಾಡುವುವೆಂದೂ ಅವನು ನಂಬಿದ್ದನು. ನ್ಯಾಯಾಧೀಶರ ಮುಂದೆಯೂ ಅದನ್ನು ಮರೆಮಾಚದೆ ಹೇಳಿದನು. ಅದರ ಜೊತೆಗೆ, ಪ್ರಮಾಣ ಮಾಡಿ ಸುಳ್ಳು ಹೇಳಿದವನಿಗೆ ನರಕವೇ ಗತಿಯೆಂದೂ ಹೇಳಿದನು. ಬಾರ್ನ್ಸನಿಗೆ ಏನಾಯಿತೆಂಬುದನ್ನು ಬಿಡಿಬಿಡಿಯಾಗಿ ವಿವರಿಸಿದನು. ಹಿಲ್ಲನ ಪರವಾದ ವಕೀಲರು, ಇಂತಹ ಭ್ರಮೆಯುಳ್ಳವನ ಮಾತನ್ನು ಸಾಕ್ಷ್ಯವೆಂದು ಎತ್ತಿಕೊಳ್ಳುವುದೇ ತಪ್ಪೆಂದು ವಾದಿಸಿದರು. ಪಂಚರು ಹಿಲ್ಲನನ್ನು ಅಪರಾಧಿಯೆಂದರು. ಪ್ರಶ್ನೆಯು ಮೇಲಿನ ನ್ಯಾಯಾಧೀಶರ ಪೀಠಕ್ಕೆ ಹೋಯಿತು. ಅಲ್ಲಿ ಲಾರ್ಡ್ ಕ್ಯಾಂಬೆಲ್ ಮೊದಲಾದವರು, ಸಾಕ್ಷಿಗೆ ಪ್ರಮಾಣವಚನದ ಅರ್ಥವು ತಿಳಿದಿದ್ದು, ತಾನು ಕಂಡುದನ್ನು ಹೇಳಬಲ್ಲವನಾಗಿದ್ದರೆ, ಭ್ರಮೆಯೊಂದಿದೆಯೆಂಬ ಮಾತ್ರದಿಂದಲೇ ಅವನನ್ನು ಹೊರದೂಡಲಾಗದೆಂದೂ, ಅವನ ಮಾತನ್ನು ಎಷ್ಟು ನಂಬಬೇಕೆಂಬುದು ಪಂಚರಿಗೆ ಬಿಟ್ಟ ವಿಷಯವೆಂದೂ ತೀರ್ಪಿತ್ತರು. ವಕೀಲರು ಹೇಳುವ ನಿಯಮವನ್ನು ಒಪ್ಪುವುದಾದರೆ ಸಾಕ್ರಟೀಸನ ಸಾಕ್ಷ್ಯವನ್ನೂ ತಳ್ಳಿಹಾಕಬೇಕಾಗುವುದು, ಅವನಿಗೂ ಸದಾ ಪ್ರೇರಣೆಮಾಡುವ ಒಂದು ಭೂತವಿದ್ದಿತಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿ ಬರುವುದು.

ಇದು ಚಮತ್ಕಾರದ ಮಾತಾದರೂ ಅದರೊಳಗೆ ತಿರುಳಿದೆ. ಅಷ್ಟು ದೂರ ಹೋಗಬೇಕಾದುದೇ ಇಲ್ಲ. ಊರ ಹೊರಗಿನ ಹುಣಿಸೆಯ ಮರದಲ್ಲಿ ಅಮಾವಾಸ್ಯೆಯ ರಾತ್ರಿ ದೆವ್ವವನ್ನು ಕಂಡೆನೆಂದು ಆಣೆಯಿಟ್ಟು ಹೇಳುವ ಗೌಡರು ಕನ್ನಡನಾಡಿನಲ್ಲಿ ಬೇಕಾದಷ್ಟು ಮಂದಿ ಸಿಕ್ಕುವರು. ಹೊಲದ ಬದುವಿನ ವ್ಯಾಜ್ಯದಲ್ಲಿ ಅವರು ಹೇಳುವ ಸಾಕ್ಷಿಯನ್ನು ದೆವ್ವದ ಕಾರಣದಿಂದ ಯಾವ ಮುನಸೀಫನೂ ತಳ್ಳಿಹಾಕಿದ್ದಿಲ್ಲ. ಮನುಷ್ಯನ ಬುದ್ಧಿಯು ಒಡೆದರೆ ಪೂರ್ತಿ ಸೋರಿಹೋಗುವ ಮಣ್ಣಿನ ಕೊಡವಲ್ಲ. ಒಂದು ಮೂಲೆಯಲ್ಲಿ ಕತ್ತಲೆ ಕವಿದಿದ್ದರೂ ಉಳಿದ ಕೋಣೆಗಳಲ್ಲಿ ದೀಪವು ಉರಿಯುತ್ತಿರಬಹುದು.

ಪ್ರಾಚೀನರು ಈ ವಿಷಯದಲ್ಲಿ ಏನು ಹೇಳಿರುವರೆಂದು ವಾಚಕರು ಕೇಳಬಹುದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸಾಕ್ಷ್ಯಕ್ಕೆ ಅರ್ಹರಲ್ಲದವರ ದೊಡ್ಡ ಪಟ್ಟಿಯೇ ಇರುವುದು. ಅದರಲ್ಲಿ ಉನ್ಮತ್ತನ ಹೆಸರಿದೆ. ಅವನ ಒಂದು ಕಡೆಯಲ್ಲಿ ಆರ್ತನೂ ಇನ್ನೊಂದು ಕಡೆಯಲ್ಲಿ ಹಸಿವು ನೀರಡಿಕೆಗಳಿಂದ ಪೀಡಿತನಾದವನೂ ನಿಂತಿರುವರು. ದುಃಖದಲ್ಲಿಯೂ ಹಸಿವಿನಲ್ಲಿಯೂ ಇರುವವನು ಇನ್ನೊಬ್ಬರ ಆಸ್ತಿಯ ವ್ಯಾಜ್ಯದಲ್ಲಿ ಸಮಚಿತ್ತದಿಂದ ಮಾತನಾಡಲಾರನೆಂಬುದು ಸ್ಮೃತಿಕಾರನ ಅಭಿಪ್ರಾಯವಾಗಿರಬೇಕು. ಅದು ವಿವೇಕದ ಮಾತೇ. ಆದರೆ ಅವನು ಹೇಳಬೇಕಾಗಿರುವುದು ತನ್ನ ಹಸಿವನ್ನೇ ಆದರೆ ಗತಿಯೇನು? ಹಸಿದವನೆಂಬ ಕಾರಣದಿಂದ ಹಸಿವಿನ ವಿಷಯದಲ್ಲಿ ಅವನ ಮಾತು ನಡೆಯದೆಂದರೆ, ಹಸಿವಿಗೆ ಸಾಕ್ಷಿಯೇ ಇಲ್ಲವೆಂದಂತಾಯಿತು. ಸ್ಮೃತಿಯೂ ಈ ಇಕ್ಕಟ್ಟನ್ನು ಅರಿಯದೆ ಹೋಗಿಲ್ಲ. ಸಾಹಸ, ಕಳವು, ಹೊಡೆತ, ಬೈಗುಳ ಮುಂತಾದ ಪ್ರಕರಣಗಳಲ್ಲಿ ಸಾಕ್ಷಿಗಳ ಅರ್ಹತೆಯನ್ನು ಅತಿಯಾಗಿ ಪರೀಕ್ಷಿಸಬಾರದೆಂದು ಕೆಲವೇ ಶ್ಲೋಕಗಳ ಅನಂತರ ಹೇಳಿದೆ. ನಾಲ್ಕು ಗೋಡೆಗಳ ಒಳಗೆ ನಡೆಯುವ ಹಿಂಸೆಗೆ ಶಿಷ್ಟರಾದ ಸಾಕ್ಷಿಗಳು ಸಿಕ್ಕುವುದಿಲ್ಲ. ಅಲ್ಲಿ ಇದ್ದವರೇ ಸಾಕ್ಷಿಗಳು.

ನ್ಯಾಯದರ್ಶನವು ಇನ್ನೂ ಆಳಕ್ಕೆ ಇಳಿಯುವುದು. ಶಬ್ದವು ಪ್ರಮಾಣವಾಗಬೇಕಾದರೆ ಅದು ಆಪ್ತನ ಮಾತಾಗಿರಬೇಕು. ಆಪ್ತನೆಂದರೆ ಯಾರು? ವಿಷಯವನ್ನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಬಾಯಿಬಿಟ್ಟು ಹೇಳಿರುವನು. ಅಂದಮೇಲೆ ಆಪ್ತತ್ವವು ಒಬ್ಬನ ಹಣೆಗೆ ಅಂಟಿಸಿದ ಚೀಟಿಯಲ್ಲ. ಅದು ಒಂದೊಂದು ವಿಷಯವನ್ನು ಹಿಡಿದು ನಿರ್ಣಯಿಸತಕ್ಕದ್ದು. ನಕ್ಷತ್ರಗಳು ತನಗೆ ಆಜ್ಞೆ ಮಾಡುತ್ತಿವೆಯೆಂದು ಹೇಳುವವನು ಖಗೋಳದ ವಿಷಯದಲ್ಲಿ ಆಪ್ತನಲ್ಲ. ಆದರೆ ತಾನು ಮಲಗಿದ ಹಾಸಿಗೆಯು ಒದ್ದೆಯಾಗಿತ್ತೇ ಇಲ್ಲವೇ, ಬಾಯಾರಿದಾಗ ನೀರು ಸಿಕ್ಕಿತೇ ಇಲ್ಲವೇ ಎಂಬಲ್ಲಿ ಅವನಿಗಿಂತ ಸಾಕ್ಷಾತ್ತಾಗಿ ಅರಿತವನು ಇನ್ನಾವನು? ಮೇಲ್ವಿಚಾರಕನು ಕಚೇರಿಯಲ್ಲಿ ಕುಳಿತು ಓದುವ ದಿನಚರಿಯು ಇನ್ನೊಬ್ಬರು ಬರೆದುಕೊಟ್ಟದ್ದಲ್ಲವೇ?

ಭಾರತದ ಸಾಕ್ಷ್ಯದ ಕಾಯಿದೆಯೂ ಇದೇ ನಿಲುವನ್ನು ತಾಳಿತು. ೧೮೭೨ರ ಕಾಯಿದೆಯ ೧೧೮ನೆಯ ಕಲಮಿನ ವಿವರಣೆಯ ಪ್ರಕಾರ, ಕೇಳಿದ ಪ್ರಶ್ನೆಗಳನ್ನು ಅರಿತುಕೊಂಡು ಯುಕ್ತವಾದ ಉತ್ತರವನ್ನು ಕೊಡುವುದಕ್ಕೆ ಬುದ್ಧಿವಿಕಲತೆಯೇ ಅಡ್ಡಿಯಾದ ಹೊರತು, ಬುದ್ಧಿವಿಕಲನೆಂಬ ಕಾರಣದಿಂದ ಯಾರೂ ಸಾಕ್ಷ್ಯಕ್ಕೆ ಅನರ್ಹರಾಗುವುದಿಲ್ಲ. ಅದರ ಬದಲಾಗಿ ೨೦೨೩ರಲ್ಲಿ ಮಾಡಿದ ಹೊಸ ಸಾಕ್ಷ್ಯದ ಕಾಯಿದೆಯಲ್ಲಿಯೂ ಈ ಮಾತನ್ನು ಉಳಿಸಿಕೊಂಡಿದ್ದಾರೆ. ಹೀಗೆ ಕಟಕಟೆಯನ್ನು ಏರಿದವನ ಮಾತಿಗೆ ನೂರೈವತ್ತು ವರ್ಷಗಳಿಂದಲೂ ಕಾಯಿದೆಯ ಬಾಗಿಲು ತೆರೆದೇ ಇದೆ. ಆದರೆ ಬೀಗ ಹಾಕಿದ ಕೋಣೆಯಿಂದ ಕಟಕಟೆಯವರೆಗೆ ದಾರಿ ಯಾವುದು? ಡೊನೆಲಿಯು ಹೊರಗೆ ಬಂದು ಮಾತನಾಡಬೇಕಾದರೆ ಬಾರ್ನ್ಸನು ಸಾಯಬೇಕಾಯಿತು. ಸಾಯದೆ ಬದುಕಿರುವವರ ದೂರು ಹೊರಗೆ ಬರುವ ಬಗೆಯನ್ನು ಕುರಿತೇ ಮುಂದಿನ ಕಾಯಿದೆಗಳ ಚರಿತ್ರೆಯೆಲ್ಲ ನಡೆದಿದೆ.

ಮೊದಲು ತೋರಿದ ದಾರಿಯು, ಹೊರಗಿನವರು ಒಳಗೆ ಹೋಗಿ ನೋಡುವುದು. ಇಂಗ್ಲೆಂಡಿನಲ್ಲಿ ೧೭೭೪ರ ಕಾಯಿದೆಯು ಖಾಸಗಿ ಹುಚ್ಚರಮನೆಗಳಿಗೆ ಪರವಾನಿಗೆಯನ್ನೂ ವೈದ್ಯರ ತಪಾಸಣೆಯನ್ನೂ ವಿಧಿಸಿತು. ಆದರೆ ತಪಾಸಣೆಗೆ ಹೋದವರು ಎಂತಹ ದುರವಸ್ಥೆಯನ್ನು ಕಂಡರೂ ಪರವಾನಿಗೆಯನ್ನು ಕಿತ್ತುಕೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಬೆತ್ಲೆಮ್ ಮುಂತಾದ ದೊಡ್ಡ ಧರ್ಮಾಸ್ಪತ್ರೆಗಳಿಗಂತೂ ಕಾಯಿದೆಯು ಅನ್ವಯಿಸುತ್ತಲೇ ಇರಲಿಲ್ಲ. ಅದರ ಫಲವು ೧೮೧೪ರಲ್ಲಿ ಹೊರಬಿದ್ದಿತು. ಎಡ್ವರ್ಡ್ ವೇಕ್‌ಫೀಲ್ಡ್ ಎಂಬ ಸದ್ಗೃಹಸ್ಥನು ಬೆತ್ಲೆಮಿಗೆ ಹೋದಾಗ, ಜೇಮ್ಸ್ ನಾರಿಸ್ ಎಂಬ ನಾವಿಕನನ್ನು ಕಂಡನು. ಅವನ ಕುತ್ತಿಗೆಗೆ ಕಬ್ಬಿಣದ ಬಳೆ. ಬಳೆಯಿಂದ ಗೋಡೆಯ ಬದಿಯ ನೆಟ್ಟನೆಯ ಕಬ್ಬಿಣದ ಕಂಬಕ್ಕೆ ಗಿಡ್ಡನೆಯ ಸರಪಳಿ. ಎದೆಯ ಸುತ್ತಲೂ ತೋಳುಗಳನ್ನು ಅದುಮಿ ಹಿಡಿದ ಪಟ್ಟಿ. ನಿಲ್ಲಬಹುದು, ಅಂಗಾತ ಮಲಗಬಹುದು, ಮಗ್ಗುಲು ತಿರುಗಲಾಗದು. ಈ ಸ್ಥಿತಿಯಲ್ಲಿ ಅವನು ಅನೇಕ ವರ್ಷಗಳನ್ನು ಕಳೆದಿದ್ದನು. ಎಲ್ಲಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿಯು ಬೇರೆ ಇದೆ. ನಾರಿಸನು ವೃತ್ತಪತ್ರಿಕೆಗಳನ್ನು ಓದುತ್ತಿದ್ದನು. ಬಂದವರೊಡನೆ ದೇಶದ ವಿದ್ಯಮಾನಗಳ ಮಾತನ್ನು ಸರಿಯಾಗಿಯೇ ಆಡಿದನು. ಮಾತು ಬರುವವನೇ, ಕೇಳುವವರಿಲ್ಲದ ಕಾರಣ, ಅಷ್ಟು ವರ್ಷ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದನು. ಅವನ ಚಿತ್ರವು ಅಚ್ಚಾಗಿ ಹರಡಿತು, ಪಾರ್ಲಿಮೆಂಟು ವಿಚಾರಣಾ ಸಮಿತಿಯನ್ನು ನೇಮಿಸಿತು, ನಾರಿಸನನ್ನು ಬಿಚ್ಚಿದರು. ೧೮೧೫ರಲ್ಲಿ ಅವನು ತೀರಿಕೊಂಡನು. ದೇಶವೆಲ್ಲಕ್ಕೂ ಅಧಿಕಾರವುಳ್ಳ ತಪಾಸಣಾಧಿಕಾರಿಗಳ ಮಂಡಲಿಯು ಅಲ್ಲಿ ಏರ್ಪಟ್ಟುದು ೧೮೪೫ರಲ್ಲಿ. ರೋಗಿಯು ಆ ಮಂಡಲಿಗೂ ಮೇಲಧಿಕಾರಿಗಳಿಗೂ ಬರೆದ ಕಾಗದವನ್ನು ಒಡೆಯದೆಯೇ ಕಳುಹಿಸಬೇಕೆಂಬ ನಿಯಮವು ೧೮೯೦ರ ಕಾಯಿದೆಯಲ್ಲಿದೆ. ಅಂಟಿಸಿದ ಲಕೋಟೆಯೊಂದು ಬೀಗದ ಬಾಗಿಲನ್ನು ದಾಟುವಂತಾಯಿತೆಂಬುದು ನೋಡುವುದಕ್ಕೆ ಅಲ್ಪವೆಂದು ತೋರಬಹುದು. ಆದರೆ ಅಂಚೆಯ ಚೀಲವನ್ನು ನೆಚ್ಚಿ ಬದುಕುವವನಿಗೆ ಅದು ಅಲ್ಪವಲ್ಲ.

ಭಾರತಕ್ಕೆ ಈ ಸಂಸ್ಥೆಗಳೂ ಅವುಗಳ ಕಾಯಿದೆಗಳೂ ಇಂಗ್ಲೆಂಡಿನ ಮಾದರಿಯಲ್ಲಿಯೇ ಬಂದುವು. ಬೆಂಗಳೂರಿನಲ್ಲಿಯೂ ಧಾರವಾಡದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಹುಚ್ಚಾಸ್ಪತ್ರೆಗಳು ಹುಟ್ಟಿದುವು. ೧೮೫೮ರ ಕಾಯಿದೆಯ ತರುವಾಯ ಬಂದ ೧೯೧೨ರ ಕಾಯಿದೆಯು, ಯಾರನ್ನು ಒಳಗೆ ಸೇರಿಸಿಕೊಳ್ಳಬಹುದು, ಯಾರ ಅಪ್ಪಣೆ ಬೇಕು, ಎಷ್ಟು ವೈದ್ಯಪತ್ರಗಳು ಬೇಕು ಎಂಬುದನ್ನು ಬಹಳ ಎಚ್ಚರಿಕೆಯಿಂದ ಬರೆಯಿತು. ಕ್ರಮತಪ್ಪಿ ಒಬ್ಬನನ್ನು ಕೂಡಿಹಾಕಿದವನಿಗೆ ಎರಡು ವರ್ಷಗಳವರೆಗೆ ಸಜೆಯನ್ನು ಕೂಡ ಇಟ್ಟಿತು. ಕ್ರಮವಾಗಿಯೇ ಒಳಗೆ ಬಂದವನನ್ನು ಹೇಗೆ ನಡೆಸಿಕೊಳ್ಳಬೇಕೆಂಬಲ್ಲಿ ಅದರ ಲೇಖನಿಯು ಅಷ್ಟು ಓಡಲಿಲ್ಲ. ಪ್ರತಿಯೊಂದು ಆಸ್ಪತ್ರೆಗೂ ಮೂವರಿಗೆ ಕಡಮೆಯಿಲ್ಲದಂತೆ ಸಂದರ್ಶಕರನ್ನು ನೇಮಿಸಿ, ಅವರಲ್ಲಿ ಇಬ್ಬರಾದರೂ ತಿಂಗಳಿಗೊಮ್ಮೆ ಜೊತೆಯಾಗಿ ಇಡೀ ಕಟ್ಟಡವನ್ನು ತಪಾಸಣೆ ಮಾಡಿ, ಸಂದರ್ಭಗಳು ಎಡೆಗೊಟ್ಟಷ್ಟು ಮಟ್ಟಿಗೆ ಪ್ರತಿಯೊಬ್ಬ ರೋಗಿಯನ್ನೂ ನೋಡಿ, ಪುಸ್ತಕದಲ್ಲಿ ಷರಾ ಬರೆಯಬೇಕೆಂದು ವಿಧಿಸಿತು. ಸಂದರ್ಭಗಳು ಎಡೆಗೊಟ್ಟಷ್ಟು ಎಂಬ ಈ ಮಾತು ಎಷ್ಟು ದೊಡ್ಡ ಮನಸ್ಸಿನದು! ಸಂದರ್ಶಕರು ಬರುವ ದಿನವು ಮೊದಲೇ ತಿಳಿದಿದ್ದರೆ ನೆಲವು ತೊಳೆದಿರುವುದು, ಬಟ್ಟೆಗಳು ಒಗೆದಿರುವುವು. ಮದುವೆಯ ದಿಬ್ಬಣವು ಬರುವ ಮನೆಯನ್ನು ನೋಡಿ ಆ ಮನೆಯ ಬಡತನವನ್ನು ಅಳೆದವರುಂಟೇ? ಮೇಲ್ವಿಚಾರಕನೂ ಬೀಗದಕೈಯ ಗೊಂಚಲನ್ನು ಹಿಡಿದ ಪರಿಚಾರಕನೂ ಜೊತೆಯಲ್ಲಿ ನಿಂತಿರುವಾಗ, ಸಂದರ್ಶಕರು ಹೋದಮೇಲೆ ಅದೇ ಪರಿಚಾರಕನ ಕೈಯಿಂದ ಅನ್ನವನ್ನು ತಿನ್ನಬೇಕಾದವನು ಏನನ್ನು ಹೇಳಿಯಾನು?

೧೯೨೦ರ ದಶಕದಲ್ಲಿ ಹುಚ್ಚರ ಆಶ್ರಯಗಳೆಂಬ ಹೆಸರು ಹೋಗಿ ಮಾನಸಿಕ ಆಸ್ಪತ್ರೆಗಳೆಂಬ ಹೆಸರು ಬಂದಿತು. ಸ್ವಾತಂತ್ರ್ಯವೂ ಬಂದಿತು. ೧೯೧೨ರ ಕಾಯಿದೆಯು ಮಾತ್ರ ೧೯೯೩ರವರೆಗೆ ಹಾಗೆಯೇ ನಡೆಯಿತು. ಅದರ ಬದಲಾಗಿ ಜಾರಿಗೆ ಬಂದ, ೧೯೮೭ರಲ್ಲಿ ರಚಿತವಾಗಿದ್ದ ಕಾಯಿದೆಯು, ಚಿಕಿತ್ಸೆಯ ಕಾಲದಲ್ಲಿ ರೋಗಿಯನ್ನು ದೇಹದಲ್ಲಾಗಲಿ ಮನಸ್ಸಿನಲ್ಲಾಗಲಿ ಅವಮಾನಪಡಿಸಬಾರದು, ಕ್ರೌರ್ಯದಿಂದ ಕಾಣಬಾರದು ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿತು. ಅವನು ಬರೆದ ಅಥವಾ ಅವನಿಗೆ ಬಂದ ಕಾಗದಗಳನ್ನು ತಡೆಯಬಾರದು, ಹರಿಯಬಾರದು ಎಂದೂ ಹೇಳಿತು. ಇದು ಸಂತೋಷದ ವಿಷಯ. ಆದರೆ ಆ ಕಲಮಿಗೆ ಒಂದು ಬಾಲವಿದ್ದಿತು: ಪೀಡಿಸುವಂತಹ, ಮಾನಹಾನಿಕರವಾದ, ಅಥವಾ ರೋಗಿಯ ಚಿಕಿತ್ಸೆಗೆ ಬಾಧಕವಾದ ಕಾಗದಗಳನ್ನು ತಡೆಯುವುದಕ್ಕೆ ನಿಯಮಗಳನ್ನು ಮಾಡಬಹುದೆಂದು. ಪರಿಚಾರಕನು ಹೊಡೆದನೆಂದು ಬರೆದ ಕಾಗದವು ಪರಿಚಾರಕನಿಗೆ ಮಾನಹಾನಿಕರವಲ್ಲವೇ? ಹತ್ತನೆಯ ಬಾರಿ ಅದನ್ನೇ ಬರೆದರೆ ಓದುವವನಿಗೆ ಪೀಡೆಯಲ್ಲವೇ? ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಅಲ್ಲಿ ಎಡೆಯುಳಿದಿತ್ತು.

ಆದ್ದರಿಂದಲೇ ಈ ದೇಶದಲ್ಲಿ ನ್ಯಾಯಸ್ಥಾನಗಳ ಕಿವಿಗೆ ಬಿದ್ದ ದೊಡ್ಡ ದೂರುಗಳು ರೋಗಿಗಳ ಬಾಯಿಂದ ಬಂದುವಲ್ಲ. ರಾಂಚಿಯ ಬಳಿಯ ಕಾಂಕೆಯ ಆಸ್ಪತ್ರೆಯಲ್ಲಿ ನೀರಿಗೂ ಹಾಸಿಗೆಗೂ ಬೆಳಕಿಗೂ ಬರವಿದ್ದಿತೆಂಬುದು ೧೯೮೦ರ ದಶಕದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿದುಬಂದುದು ಹೊರಗಿನ ನಾಗರಿಕರು ಬರೆದ ಪತ್ರದಿಂದ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಸೆರೆಮನೆಗಳಲ್ಲಿ ಇಡುತ್ತಿದ್ದ ಪದ್ಧತಿಯನ್ನು ಶೀಲಾ ಬರ್ಸೆ ಎಂಬ ಪತ್ರಿಕೋದ್ಯೋಗಿಯು ಎತ್ತಿ ತೋರಿಸಿದ ಮೇಲೆ, ೧೯೯೩ರಲ್ಲಿ ಅದೇ ನ್ಯಾಯಾಲಯವು ಅದು ರಾಜ್ಯಾಂಗಕ್ಕೆ ವಿರುದ್ಧವೆಂದು ಸಾರಿತು. ೧೯೯೭ರಲ್ಲಿ ರಾಂಚಿ, ಆಗ್ರಾ, ಗ್ವಾಲಿಯರ್ ಈ ಮೂರು ಆಸ್ಪತ್ರೆಗಳ ಮೇಲೆ ಕಣ್ಣಿಡುವ ಕೆಲಸವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಒಪ್ಪಿಸಲಾಯಿತು. ಆಯೋಗವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೂಲಕ ದೇಶದ ಸರಕಾರಿ ಆಸ್ಪತ್ರೆಗಳನ್ನೆಲ್ಲ ಪರಿಶೀಲಿಸಿ ೧೯೯೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅನೇಕ ಕಟ್ಟಡಗಳು ಹುಟ್ಟಿದಂದಿನಿಂದಲೂ ಸೆರೆಮನೆಯ ರೂಪದಲ್ಲಿಯೇ ಉಳಿದಿವೆಯೆಂದು ಬರೆದಿದೆ. ಇನ್ನು ೨೦೦೧ನೆಯ ಇಸವಿಯ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದುದನ್ನು ಎಲ್ಲರೂ ಬಲ್ಲರು. ದರ್ಗಾದ ಆಸರೆಯಲ್ಲಿ ಬೆಳೆದಿದ್ದ, ಹುಲ್ಲುಮಾಡಿನ ಖಾಸಗಿ ಮನೆಯೊಂದಕ್ಕೆ ಬೆಂಕಿ ತಗುಲಿತು. ಸರಪಳಿಗಳಿಂದ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಹೋದರು. ೨೮ ಮಂದಿ ಸತ್ತರು. ಅಂತಹ ಮನೆಗಳಿಗೆ ಪರವಾನಿಗೆ ಬೇಕೆಂದು ೧೯೮೭ರ ಕಾಯಿದೆಯು ಆಗಲೇ ಹೇಳಿತ್ತು.

೨೦೧೭ರಲ್ಲಿ ರಚಿತವಾಗಿ ೨೦೧೮ರಲ್ಲಿ ಅಮಲಿಗೆ ಬಂದ ಮಾನಸಿಕ ಆರೋಗ್ಯದ ಕಾಯಿದೆಯು ಈ ದಾರುಣ ಪಾಠಗಳಿಂದ ಕಲಿತು ಬರೆದದ್ದೆಂಬುದು ಅದನ್ನು ಓದಿದವರಿಗೆ ಕೂಡಲೇ ತಿಳಿಯುವುದು. ಯಾವ ರೂಪದಲ್ಲಿಯೂ, ಯಾವ ರೀತಿಯಲ್ಲಿಯೂ ಸರಪಳಿ ಹಾಕಕೂಡದು. ಒಂಟಿಕೋಣೆಯಲ್ಲಿ ಕೂಡಿಹಾಕಕೂಡದು. ಅರಿವಳಿಕೆಯಿಲ್ಲದೆ ವಿದ್ಯುತ್ತಿನ ಚಿಕಿತ್ಸೆಯನ್ನು ಕೊಡಕೂಡದು. ತಕ್ಷಣದ ಅಪಾಯವನ್ನು ತಪ್ಪಿಸುವುದಕ್ಕಾಗಿ ಹಿಡಿದು ನಿಲ್ಲಿಸಬೇಕಾಗಿ ಬಂದರೂ, ಕಾರಣವನ್ನೂ ಕಾಲವನ್ನೂ ಬರೆದಿಡಬೇಕು. ಶಿಕ್ಷೆಗಾಗಿ ಅಥವಾ ಆಳುಗಳು ಸಾಲದೆಂಬ ನೆಪದಿಂದ ಹಾಗೆ ಮಾಡಕೂಡದು. ಬಲಾತ್ಕಾರದಿಂದ ತಲೆ ಬೋಳಿಸಕೂಡದು. ಸ್ವಂತ ಬಟ್ಟೆಯನ್ನು ಉಡುವೆನೆಂದರೆ ತಡೆಯಕೂಡದು. ದುಡಿಸಿಕೊಂಡರೆ ಕೂಲಿ ಕೊಡಬೇಕು. ಬೋಳುತಲೆಯ ನಿಷೇಧವನ್ನು ಓದಿ ಇಷ್ಟು ಸಣ್ಣ ವಿಷಯವೂ ಕಾಯಿದೆಗೆ ಬೇಕಿತ್ತೇ ಎಂದು ಕೇಳುವವರು, ತಮ್ಮ ಮನೆಯ ಹೆಣ್ಣುಮಗಳೊಬ್ಬಳನ್ನು ಆ ಸ್ಥಾನದಲ್ಲಿ ನೆನೆದುಕೊಂಡರೆ ಸಾಕು. ಆದರೆ ಮೊದಲು ಇಟ್ಟುಕೊಂಡ ಪರೀಕ್ಷೆಯ ಪ್ರಕಾರ ನೋಡಿದರೆ ಈ ಕಾಯಿದೆಯ ಸಾರವು ಬೇರೆ ಕಡೆ ಇದೆ. ನ್ಯಾಯಾಧೀಶರು, ಶಾಸನಸಭೆಗಳ ಸದಸ್ಯರು, ವಕೀಲರು, ಪರಾಮರ್ಶ ಮಂಡಲಿಯವರು, ರೋಗಿಯು ತಾನೇ ಆರಿಸಿಕೊಂಡ ಪ್ರತಿನಿಧಿ, ಇವರೊಡನೆ ಅವನು ಮಾತನಾಡುವುದನ್ನಾಗಲಿ ಪತ್ರವ್ಯವಹಾರ ಮಾಡುವುದನ್ನಾಗಲಿ ಯಾರೂ ತಡೆಯಲಾಗದು. ದೂರು ಕೊಡುವುದು ಅವನ ಹಕ್ಕು. ಉಚಿತವಾದ ಕಾನೂನಿನ ನೆರವು ಅವನ ಹಕ್ಕು. ಹಾಗೂ ದೂರನ್ನು ವಿಚಾರಿಸುವ ಪರಾಮರ್ಶ ಮಂಡಲಿಯ ಆರು ಸ್ಥಾನಗಳಲ್ಲಿ ಎರಡನ್ನು ಮನೋರೋಗವನ್ನು ಅನುಭವಿಸಿದವರಿಗೆ, ಅಂತಹವರನ್ನು ನೋಡಿಕೊಂಡವರಿಗೆ, ಅಥವಾ ಅವರಿಗಾಗಿ ದುಡಿಯುವ ಸಂಘಗಳವರಿಗೆ ಮೀಸಲಿಟ್ಟಿದೆ. ಡೊನೆಲಿಯನ್ನು ಕಟಕಟೆಗೆ ಬಿಡಬಹುದೇ ಎಂದು ವಾದಿಸಿದ ಲೋಕವು, ಅವನಂತಹವನನ್ನು ಪೀಠದ ಮೇಲೆಯೇ ಕುಳ್ಳಿರಿಸುವುದಕ್ಕೆ ನೂರರುವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಇದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ರೋಗಿಯ ದೂರುಗಳಲ್ಲಿ ಅನೇಕವು ನಿಜವಾಗಿಯೂ ಭ್ರಮೆಗಳೇ ಆಗಿರುವುವಲ್ಲವೇ? ಅನ್ನದಲ್ಲಿ ವಿಷವಿಕ್ಕಿದರೆಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಕೇಳುವ ವೈದ್ಯನು ಪ್ರತಿಸಲವೂ ವಿಚಾರಣೆ ನಡೆಸುತ್ತ ಕುಳಿತರೆ ಚಿಕಿತ್ಸೆಯು ನಡೆಯುವುದು ಯಾವಾಗ? ಪ್ರಾಮಾಣಿಕನಾದ ಪರಿಚಾರಕನ ಮಾನಕ್ಕೆ ಬೆಲೆಯಿಲ್ಲವೇ? ಈ ಪ್ರಶ್ನೆಗಳು ಹುರುಳಿಲ್ಲದವುಗಳಲ್ಲ. ಆದರೆ ದೂರನ್ನು ಕೇಳುವುದು ಬೇರೆ, ದೂರನ್ನು ನಂಬುವುದು ಬೇರೆ. ಅನ್ನದಲ್ಲಿ ವಿಷವಿಲ್ಲದಿದ್ದರೂ ಹುಳುಗಳಿರಬಹುದು. ಆ ದಿನ ಅಡಿಗೆಮನೆಗೆ ಹೋಗಿ ನೋಡಿದವನಿಗಲ್ಲದೆ ಅದು ತಿಳಿಯದು. ಭ್ರಮೆಯು ಕೂಡ ಅನೇಕ ವೇಳೆ ನಿಜವಾದ ಒಂದು ನೋವಿನ ಸುತ್ತಲೂ ಹಬ್ಬಿಕೊಂಡಿರುವುದು. ಇನ್ನು ಪರಿಚಾರಕರ ಮಾತು. ಹತ್ತು ಜನರು ಮಾಡಬೇಕಾದ ಕೆಲಸವನ್ನು ಇಬ್ಬರಿಂದ ಮಾಡಿಸಿ, ನಿದ್ದೆಗೆಡಿಸಿ, ಅಲ್ಪ ಸಂಬಳವನ್ನು ಕೊಟ್ಟು, ಆಮೇಲೆ ಅವರು ಕ್ರೂರಿಗಳೆಂದು ದೂಷಿಸುವುದು ಸುಲಭ. ಹಿಂಸೆಯ ಬಹುಪಾಲು ದುಷ್ಟತನದಿಂದ ಹುಟ್ಟಿದುದಲ್ಲ, ದಣಿವಿನಿಂದ ಹುಟ್ಟಿದುದು. ಕಂಡವರಾರೂ ಇಲ್ಲವೆಂಬ ಧೈರ್ಯವು ಅದಕ್ಕೆ ನೀರೆರೆಯುವುದು.

ಕಾಣುವವರೊಬ್ಬರು ಪಕ್ಕದಲ್ಲಿಯೇ ಇದ್ದರೆ ಏನಾಗುವುದೆಂಬುದನ್ನು ತೋರಿಸಿಕೊಟ್ಟವರು ಅಮೃತಸರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರರು. ೧೯೫೦ರ ದಶಕದಲ್ಲಿ, ಸ್ಥಳಸಾಲದ ಕಾಲದಲ್ಲಿ, ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನೇ ಜೊತೆಯಲ್ಲಿ ಉಳಿಸಿಕೊಂಡರು. ರೋಗಿಗಳು ಬೇಗನೆ ಗುಣಹೊಂದಿ ಮನೆಗೆ ಮರಳಿದರು. ಇದನ್ನು ವೈದ್ಯಕೀಯದ ಒಂದು ಸುಧಾರಣೆಯೆಂದು ಹೇಳುವರು, ನಿಜ. ಪ್ರತಿಯೊಂದು ಹಾಸಿಗೆಯ ಬಳಿಯಲ್ಲಿಯೂ ಒಬ್ಬ ತಾಯಿಯೋ ಅಣ್ಣನೋ ಸಾಕ್ಷಿಯಾಗಿ ಕುಳಿತಿದ್ದರೆಂಬುದೂ ಅಷ್ಟೇ ನಿಜ. ಯಾವ ಕಾಯಿದೆಯೂ ಇದನ್ನು ಅವರಿಗೆ ವಿಧಿಸಿರಲಿಲ್ಲ.

ಆದರೆ ತಾಯಿಯೂ ಅಣ್ಣನೂ ಬಾರದವರ ಸಂಗತಿಯೇನು? ಮನೆಯವರೇ ಊರು ತಪ್ಪು ಹೇಳಿ, ಹೆಸರು ತಪ್ಪು ಬರೆಸಿ, ಬಿಟ್ಟು ಹೋದವರುಂಟು. ಮನೆಯವರೇ ಹಟ್ಟಿಯ ಕಂಬಕ್ಕೆ ಕಟ್ಟಿಹಾಕಿದವರೂ ಉಂಟು. ಸರಪಳಿಯ ನಿಷೇಧವಾದ ಮೇಲೆಯೂ, ಉತ್ತರ ಪ್ರದೇಶದ ಬದಾಯೂ ಜಿಲ್ಲೆಯ ಧರ್ಮಸ್ಥಾನವೊಂದರಲ್ಲಿ ರೋಗಿಗಳನ್ನು ಸರಪಳಿಯಲ್ಲಿ ಇಟ್ಟಿದ್ದರೆಂಬ ದೂರು ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಅದೇ ವರ್ಷ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ದೇಶದ ೪೩ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿದ್ದ ರೋಗಿಗಳ ಪೈಕಿ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಮಂದಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಅಲ್ಲಿಯೇ ಉಳಿದವರು. ಮನೆಯಿಲ್ಲವೆಂದು, ಮನೆಯವರು ಸೇರಿಸರೆಂದು ಯಾರನ್ನೂ ಆಸ್ಪತ್ರೆಯಲ್ಲಿಯೇ ಇಟ್ಟುಕೊಳ್ಳಕೂಡದೆಂದು ಹೊಸ ಕಾಯಿದೆಯ ೧೯ನೆಯ ಕಲಮು ಹೇಳುವುದು. ಅವರು ಹೋಗುವುದಾದರೂ ಎಲ್ಲಿಗೆ?

ಇವರು ದೂರು ಕೊಡುವುದಿಲ್ಲ. ದೂರನ್ನು ಮೊದಲು ಆ ಆಸ್ಪತ್ರೆಯ ಮುಖ್ಯಾಧಿಕಾರಿಗೇ ಕೊಡಬೇಕು. ಅವನಿಂದ ಸಮಾಧಾನವಾಗದಿದ್ದರೆ ಮಂಡಲಿಗೆ ಹೋಗಬೇಕು ಎಂದಿರುವ ಕ್ರಮವು ನಾಲಗೆ ಗಟ್ಟಿಯಾದವರಿಗೆ ಮಾತ್ರ ಹೊಂದುವಂತಹುದು. ಕಾಯಿದೆಯ ಕರ್ತರಿಗೆ ಇದು ಹೊಳೆಯದೆ ಹೋಗಿಲ್ಲ. ಸಮ್ಮತಿಯಿಲ್ಲದೆ ಸೇರಿಸಿಕೊಂಡವರ ವಿಷಯವನ್ನು ಏಳು ದಿನಗಳೊಳಗೆ, ಹೆಂಗಸರೂ ಮಕ್ಕಳೂ ಆಗಿದ್ದರೆ ಮೂರೇ ದಿನಗಳೊಳಗೆ, ಯಾರೂ ಕೇಳದಿದ್ದರೂ ಮಂಡಲಿಗೆ ತಿಳಿಸಬೇಕು. ಮೂವತ್ತು ದಿನಗಳನ್ನು ಮೀರಿ ಇಟ್ಟುಕೊಳ್ಳಬೇಕಾದರೆ ಮಂಡಲಿಯ ಒಪ್ಪಿಗೆ ಬೇಕು. ಈ ತಾರೀಖುಗಳ ಲೆಕ್ಕವೇ ಮಾತನಾಡದವನ ನಾಲಗೆ. ಅದನ್ನು ಇಟ್ಟುಕೊಳ್ಳುವವರಿಲ್ಲದಿದ್ದಾಗ ಏನಾಗುವುದೆಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗನ ಪ್ರಸಂಗವಿದೆ.

ಇವನು ಮೋರಿಗಾಂವ್ ಸೀಮೆಯ ಹಳ್ಳಿಯವನು. ೧೯೫೧ರಲ್ಲಿ, ಇಪ್ಪತ್ತಮೂರು ವರ್ಷದ ಪ್ರಾಯದಲ್ಲಿ, ಒಬ್ಬರಿಗೆ ಗಾಯಮಾಡಿದನೆಂಬ ಆರೋಪದ ಮೇಲೆ ಪೋಲೀಸರು ಅವನನ್ನು ಹಿಡಿದರು. ವಿಚಾರಣೆಯು ನಡೆಯಲಿಲ್ಲ. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. ೧೯೬೭ರಲ್ಲಿ ವೈದ್ಯರು ಅವನು ಗುಣಹೊಂದಿರುವನೆಂದು ಬರೆದರು. ಆಗ ಅವನನ್ನು ಬಿಡುಗಡೆ ಮಾಡುವ ಬದಲಾಗಿ ಗುವಾಹಟಿಯ ಸೆರೆಮನೆಗೆ ಸಾಗಿಸಿದರು. ಅಲ್ಲಿ ಇನ್ನೂ ಮೂವತ್ತೆಂಟು ವರ್ಷಗಳು ಕಳೆದುವು. ಮಾನವ ಹಕ್ಕುಗಳ ಆಯೋಗವು ಕಡತಗಳನ್ನು ತೆಗೆಯಿಸಿ ನೋಡಿದ ಮೇಲೆ, ೨೦೦೫ರಲ್ಲಿ, ಐವತ್ತನಾಲ್ಕು ವರ್ಷಗಳ ಅನಂತರ, ನ್ಯಾಯಸ್ಥಾನವು ಒಂದು ರೂಪಾಯಿಯ ಸ್ವಂತ ಮುಚ್ಚಳಿಕೆಯನ್ನು ಬರೆಯಿಸಿಕೊಂಡು ಅವನನ್ನು ಬಿಟ್ಟಿತು. ಅವನಿಗೆ ಮೂರು ಲಕ್ಷ ರೂಪಾಯಿಗಳನ್ನೂ ತಿಂಗಳಿಗೆ ಸಾವಿರ ರೂಪಾಯಿಗಳನ್ನೂ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞೆಮಾಡಿತು. ೨೦೦೭ರಲ್ಲಿ ಅವನು ತನ್ನ ಹಳ್ಳಿಯಲ್ಲಿ ತೀರಿಕೊಂಡನು.